ಅಜ್ಜಿಯ ಮಾತು ಮರಳಿಸಿ

ಶಿಶುಶಿಕ್ಷಣದ ಮಾನ್ಯ ಅಧಿಕಾರಿಗಳೇ,

ತಮ್ಮ ಅಪ್ಪಣೆಯಂತೆ ನಮ್ಮ ಮನೆಯಲ್ಲಿ ಈಗ ಒಂದೇ ಭಾಷೆ ನಡೆಯುತ್ತಿದೆ. ಅದರ ಫಲವಾಗಿ ನನ್ನ ಹೆಂಡತಿ ತುಳಸಾಬಾಯಿ ಮೊಮ್ಮಗಳೊಂದಿಗೆ ಮಾತು ಬಿಟ್ಟಿದ್ದಾಳೆ. ಅಭಿನಂದನೆಗಳು.

ಕಳೆದ ತಿಂಗಳು ತಾವು ಬನಹಟ್ಟಿಯ ನಮ್ಮ ಓಣಿಯ ಬಾಲವಾಡಿಗೆ ದಯಮಾಡಿಸಿದ್ದಿರಿ. ನಾಲ್ಕು ವರ್ಷದ ಮೊಮ್ಮಗಳು ಮೃಣ್ಮಯಿ, ಕರೆದೊಯ್ಯಲು ಬಂದ ನನಗೆ ಮರಾಠಿಯಲ್ಲಿ, ಪಾಠ ಹೇಳುವ ಅಕ್ಕೋರಿಗೆ ಕನ್ನಡದಲ್ಲಿ ಒಂದೇ ಉಸಿರಿಗೆ ಉತ್ತರ ಕೊಟ್ಟದ್ದು ತಮ್ಮ ಕಿವಿಗೆ ಬಿತ್ತು. ತಕ್ಷಣ ಹುಬ್ಬು ಗಂಟಿಕ್ಕಿ, "ಈ ಬೇಬಿಗೆ ಲ್ಯಾಂಗ್ವೇಜ್ ಕನ್‌ಫ್ಯೂಜನ್ ಐತ್ರಿ. ಹೋಮ್‌ನ್ಯಾಗ ಒಂದ ಭಾಷಾ ಯೂಸ್ ಮಾಡ್ರಿ" ಎಂದು ತೀರ್ಪು ಕೊಟ್ಟಿರಿ. ಹೊರಗೆ ಹೋಗಿ ಡ್ರೈವರನನ್ನು ಹಿಂದಿಯಲ್ಲಿ ಬೈದಿರಿ. ತಮಗೆ ಗೊಂದಲವಾದದ್ದು ನನಗಂತೂ ಕಾಣಲಿಲ್ಲ. ಇಲ್ಲಿ ಹುಟ್ಟಿದ ಮುಧೋಳ ನಾಯಿ ಕನ್ನಡದಲ್ಲಿ ಕರೆದರೂ ಬರುತ್ತದೆ, ಸೈನ್ಯ ಸೇರಿದರೆ ಹಿಂದಿಗೂ ಓಡುತ್ತದೆ. ಅದರ ತಲೆ ಕೆಟ್ಟಿದೆ ಎಂದು ಯಾರೂ ಹೇಳುವುದಿಲ್ಲ. ನನ್ನ ಮೊಮ್ಮಗಳು ಅದಕ್ಕಿಂತ ಕಡೆಯೇ?

ಮೃಣ್ಮಯಿ ಭಾಷೆ ಕಲಿತದ್ದು ಪಾಟಿ-ಬಳಪದಿಂದಲ್ಲ, ಮುಖಗಳಿಂದ. ಉಣಿಸುವ ಅಜ್ಜಿಯ ಮುಖ ಕಂಡರೆ ಮರಾಠಿ. ಪಕ್ಕದ ಮನೆಯಲ್ಲಿ ಮಗ್ಗ ನಡೆಸುವ ಶೇವಂತಿಗೆ ಕನ್ನಡ. ಬಳೆಗಾರ ಬಂದರೆ ಉರ್ದು. ಎಲ್ಲರೂ ಒಟ್ಟಿಗೆ ಕೂತರೂ ತಡವರಿಸುವುದಿಲ್ಲ. ಇದನ್ನು ಅವಳಿಗೆ ಯಾರು ಹೇಳಿಕೊಟ್ಟರು? ತಾವಂತೂ ಅಲ್ಲ.

ಬಾಲವಾಡಿ ಕನ್ನಡದ್ದು, ಹಾಗಾಗಿ ಆ ಒಂದು ಭಾಷೆ ಕನ್ನಡವೇ ಇರಲೆಂದು ತುಳಸಾಬಾಯಿ ನಿರ್ಧರಿಸಿದಳು. ಸರ್ಕಾರದ ಮಾತೆಂದರೆ ಅವಳಿಗೆ ದೇವರ ಮಾತು. ಮರುದಿನ "ಉಣ್ಣಾಕ ಬಾರವ್ವಾ" ಎಂದು ಕರೆದಳು. ಅಜ್ಜಿ ಯಾರನ್ನು ಕರೆಯುತ್ತಿದ್ದಾಳೆಂದು ಮಗು ಹಿಂದೆ ತಿರುಗಿ ನೋಡಿತು. ಮತ್ತೆ ಕರೆದಾಗ ಅತ್ತುಬಿಟ್ಟಿತು. ಮರಾಠಿ ಆಡುವಂತಿಲ್ಲ, ಕನ್ನಡ ಆಡಿದರೆ ಮಗು ಅಳುತ್ತದೆ ಎಂದು ಅಂದಿನಿಂದ ತುಳಸಾಬಾಯಿ ಸುಮ್ಮನೆ ತುತ್ತು ಕೊಡುತ್ತಾಳೆ. ಕಥೆಯಿಲ್ಲ, ಗದರಿಕೆಯೂ ಇಲ್ಲ. ಈ ಹುಚ್ಚಾಟ ಸಾಕು ಎಂದು ನಾನೆಂದರೆ, "ಹುಡುಗಿ ಹಾಳಾದ್ರ ಯಾರ ಹೊಣಿರೀ?" ಎನ್ನುತ್ತಾಳೆ, ಅದನ್ನೂ ಕನ್ನಡದಲ್ಲಿಯೇ!

ಮೊನ್ನೆ ಮೃಣ್ಮಯಿ ಶೇವಂತಿಯ ಮಗ್ಗದ ಹತ್ತಿರ ಹೋಗಿ ನಿಂತಳಂತೆ.

"ಕಾಕೂ, ನಮ್ಮ ಅಜ್ಜಿ ಎಲ್ಲಿಗಿ ಹೋಗ್ಯಾಳ್ರೀ?"

"ಮನ್ಯಾಗ ಅದಾಳಲ್ಲವ್ವಾ."

"ಆಕಿ ಅಲ್ರೀ. ನನ್ನ ಕೂಡ ಮಾತಾಡಾಕಿ."

ಶೇವಂತಿ ಮಗ್ಗ ನಿಲ್ಲಿಸಿ ಬಂದು ನನಗಿದನ್ನು ಹೇಳಿದಳು. ಕೇಳಿದವನೇ ಈ ಪತ್ರ ಬರೆಯಲು ಕೂತೆ.

ಆದ್ದರಿಂದ ತಾವು ಖುದ್ದಾಗಿ ನಮ್ಮ ಮನೆಗೆ ಬಂದು ಆ ಅಪ್ಪಣೆಯನ್ನು ಹಿಂದಕ್ಕೆ ಪಡೆಯಬೇಕು. ತುಳಸಾಬಾಯಿ ನನ್ನ ಮಾತು ಕೇಳುವುದಿಲ್ಲ, ತಮ್ಮದನ್ನು ಕೇಳುತ್ತಾಳೆ. ಯಾವ ಭಾಷೆಯಲ್ಲಿ ಹೇಳಿದರೂ ಅಡ್ಡಿಯಿಲ್ಲ, ನಮ್ಮ ಮನೆಯಲ್ಲಿ ಎಲ್ಲವೂ ಅರ್ಥವಾಗುತ್ತವೆ. ಬೇಗ ಬನ್ನಿ, ಮಗು ಇನ್ನೂ ಅಜ್ಜಿಯನ್ನು ಹುಡುಕುತ್ತಿದೆ.

ಇಂತಿ,
ತಮ್ಮ ಅಪ್ಪಣೆಗೆ ತಲೆಬಾಗಿ ಸದ್ಯ ಒಂದೇ ಭಾಷೆಯಲ್ಲಿ ಸಿಟ್ಟಾಗಿರುವ
ಕೃಷ್ಣಾಜಿ, ಬನಹಟ್ಟಿ