ಎರಡು ಮಹಡಿಗಳ ನಡುವೆ ನನ್ನ ಬಲಗಣ್ಣು

ಆಸ್ಪತ್ರೆಗಳ ಗಣಕ ವಿಭಾಗದ ಮುಖ್ಯಾಧಿಕಾರಿಗಳಿಗೆ, ಎಲ್ಲರೂ ಓದಲೆಂದು

ಮಾನ್ಯರೇ,

ನೀವು ನನಗೆ ಮಾಡಿರುವ ಉಪಕಾರವನ್ನು ದಯವಿಟ್ಟು ವಾಪಸ್ ತೆಗೆದುಕೊಳ್ಳಿ. ನಾನು ಕೊಟ್ಟ ದೂರಿನ ಮೇಲೆ ನಿಮ್ಮ ಕಚೇರಿಯಲ್ಲಿ ಪ್ರೋಗ್ರಾಂ ಬರೆಯುವ ಒಬ್ಬ ಹುಡುಗಿಯನ್ನು ಅಮಾನತು ಮಾಡಿದ್ದೀರಿ. 'ತಪ್ಪಿತಸ್ಥರ ವಿರುದ್ಧ ಕ್ರಮ ಕೈಗೊಳ್ಳಲಾಗಿದೆ, ತಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ' ಎಂದು ನನಗೆ ಪತ್ರವನ್ನೂ ಕಳಿಸಿದ್ದೀರಿ. ನಾನು ದೂರು ಕೊಟ್ಟದ್ದು ಒಂದು ತಪ್ಪಿನ ಮೇಲೆ. ಆ ತಪ್ಪು ಈಗಲೂ ದಿನಾ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬರುತ್ತಿದೆ, ಒಂದು ದಿನ ರಜೆ ಹಾಕಿಲ್ಲ. ಮನೆಗೆ ಹೋಗಿರುವುದು ಅದನ್ನು ಸರಿಮಾಡಬಲ್ಲವಳು. ಮುಂದಿನ ವಾರ ವಿಚಾರಣೆಯಂತೆ. ಅವಳ ಕೆಲಸ ಪೂರ್ತಿ ಹೋಗುತ್ತದೆ ಎಂದು ನಿಮ್ಮ ಲಿಫ್ಟ್ ನಡೆಸುವವನಿಗೂ ಗೊತ್ತಿದೆ. ಅಷ್ಟರೊಳಗೆ ನಿಮಗೆ ಈ ಪತ್ರ ಮುಟ್ಟಬೇಕು. ಖಾಸಗಿಯಾಗಿ ಬರೆದರೆ ಇನ್ನೊಮ್ಮೆ ಮುಕ್ತಾಯಗೊಳಿಸಿಬಿಡುತ್ತೀರಿ ಎಂದು ಪತ್ರಿಕೆಗೆ ಕೊಟ್ಟಿದ್ದೇನೆ.

ಓದುವವರಿಗೆ ವಿಷಯ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ ಎಂದು ನನ್ನ ಗುಮಾನಿ. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ನಾನು ನಿವೃತ್ತ ಪ್ರೂಫ್ ರೀಡರ್. ಮೂವತ್ತೆಂಟು ವರ್ಷ ಒಂದು ಮುದ್ರಣಾಲಯದಲ್ಲಿ ಬೇರೆಯವರ ತಪ್ಪು ಹುಡುಕಿ ಹೊಟ್ಟೆ ಹೊರೆದವನು. ಬಲಗಣ್ಣಿಗೆ ಪೊರೆ ಬಂತು. ಆಪರೇಷನ್ ದಿನ ಐದು ಜನ ಹಸಿರು ಗೌನು ತೊಟ್ಟು ಥಿಯೇಟರಿನ ಹೊರಗೆ ಬೆಂಚಿನ ಮೇಲೆ ಕೂತಿದ್ದೆವು, ಶಾಲೆಗೆ ಹೊಸದಾಗಿ ಸೇರಿದ ಮಕ್ಕಳ ಹಾಗೆ. ನಿಮ್ಮ ಹೊಸ ಸಾಫ್ಟ್‌ವೇರಿನಿಂದ ಹೊರಬಂದ ಚೀಟಿಯನ್ನು ಕೌಂಟರಿನ ಗುಮಾಸ್ತ ನೋಡಿ ಮೊಹರು ಒತ್ತಿದ. ಡಾಕ್ಟರ ಸಹಾಯಕ ನೋಡಿ ರಟ್ಟಿಗೆ ಸಿಕ್ಕಿಸಿದ. ನನ್ನ ಮುಂದೆ ಹಿಡಿದು "ಇಲ್ಲೊಂದು ಸೈನ್ ಹಾಕಿ" ಅಂದ, ಹಾಕಿದೆ. ಚೀಟಿಯಲ್ಲಿ 'ಎಡಗಣ್ಣು' ಎಂದಿತ್ತು. ಕನ್ನಡಕ ಬಟ್ಟೆಯ ಚೀಲದೊಳಗೆ ಹೋಗಿತ್ತು ಎನ್ನುವುದು ನೆಪ. ಕೇಳಿದ್ದರೆ ಕೊಡುತ್ತಿದ್ದರು, ಕೇಳಲಿಲ್ಲ. ಮೂವತ್ತೆಂಟು ವರ್ಷದ ಪ್ರೂಫ್ ರೀಡರ್ ತನ್ನ ಕಣ್ಣಿನ ಚೀಟಿಯನ್ನೇ ಓದದೆ ಸಹಿ ಹಾಕಿದ. ನೀವು ತಪ್ಪಿತಸ್ಥರನ್ನು ಹುಡುಕುವಾಗ ನನ್ನ ಹೆಸರು ಹೇಗೆ ಬಿಟ್ಟುಹೋಯಿತೋ, ಇದು ಅನ್ಯಾಯ.

ಆಮೇಲೆ ಒಬ್ಬರು ನರ್ಸಮ್ಮ ಬಂದರು. ಕೈಯಲ್ಲಿ ನೀಲಿ ಶಾಯಿಯ ಪೆನ್ನು. ಯಾವ ಕಣ್ಣೋ ಅದರ ಹುಬ್ಬಿನ ಮೇಲೆ ಗುರುತು ಹಾಕುವುದು ಅವರ ಕೆಲಸ.

"ತಾತ, ಯಾವ ಕಣ್ಣು ಹೇಳಿ."

"ಚೀಟಿಯಲ್ಲಿ ಬರೆದಿದೆಯಲ್ಲಮ್ಮ."

"ಚೀಟಿಗೆ ಪೊರೆ ಬಂದಿಲ್ಲ. ನಿಮಗೆ ಬಂದಿರೋದು. ಯಾವ ಕಣ್ಣು ಮಂಜು?"

"ಬಲ."

ಅವರು ಚೀಟಿ ನೋಡಿದರು, ನನ್ನನ್ನು ನೋಡಿದರು, ಮತ್ತೆ ಚೀಟಿ ನೋಡಿದರು. "ಇದು ಎಡ ಅನ್ನುತ್ತೆ. ನಿಮ್ಮಿಬ್ಬರಲ್ಲಿ ಯಾರನ್ನ ನಂಬಲಿ?"

ಬೆಂಚಿನ ಮೇಲಿದ್ದ ಎಲ್ಲರನ್ನೂ ಕೇಳಿದರು. ನಮ್ಮಲ್ಲಿ ನಾಲ್ವರದ್ದು ತಿರುಗುಮುರುಗು. ಐದನೆಯವನು, ನನ್ನ ಪಕ್ಕದಲ್ಲಿದ್ದ ಬಡಗಿ, "ನಂಗೆ ಎರಡೂ ಕಾಣಲ್ಲಮ್ಮ, ನಿಮಗೆ ಯಾವುದು ಹತ್ರ ಆಗುತ್ತೋ ಅದು ಮಾಡಿ" ಅಂದ. ನರ್ಸಮ್ಮ ನಗಲಿಲ್ಲ. ಥಿಯೇಟರಿನ ಬಾಗಿಲಿಗೆ ಅಡ್ಡ ನಿಂತು, ಹಳೆಯ ಕಡತ ತರಿಸುವ ತನಕ ಒಳಗೆ ಯಾರನ್ನೂ ಬಿಡುವುದಿಲ್ಲ ಎಂದರು. ಎರಡು ಗಂಟೆ ತಡವಾಯಿತು. ಡಾಕ್ಟರು ಗೊಣಗಿದರು. ನನ್ನ ಬಲಗಣ್ಣಿಗೇ ಆಪರೇಷನ್ ಆಯಿತು. ಈಗ ಆ ಕಣ್ಣಿನಲ್ಲಿ ನಿಮ್ಮ ಪತ್ರದ ಸಹಿಯ ಕೆಳಗಿನ ಚುಕ್ಕಿ ಕೂಡ ಕಾಣುತ್ತದೆ.

ಕಟ್ಟು ಬಿಚ್ಚಿದ ಮೇಲೆ ದೂರು ಕೊಡಲು ನಿಮ್ಮ ಕಚೇರಿಗೆ ಬಂದೆ. ಬಾಗಿಲಲ್ಲಿ ದೊಡ್ಡ ಫಲಕ: 'ಈ ತಿಂಗಳು ಮುಚ್ಚಿದ ಟಿಕೆಟ್‌ಗಳು: 4,112'. ಒಳಗೆ ಸ್ವಾಗತದ ಮೇಜಿನಾತ ಕೇಳಿದ, "ಯಾವ ಮಹಡಿ ಸಾರ್?"

"ಗೊತ್ತಿಲ್ಲಪ್ಪ. ಕಣ್ಣಿನ ಚೀಟಿ ತಪ್ಪಾಗಿದೆ."

"ಡಾಕ್ಟರಿಗೆ ಕಾಣೋ ಪರದೆ ಎರಡನೇ ಮಹಡಿ. ಚೀಟಿ ಅಚ್ಚಾಗೋದು ನಾಲ್ಕನೇ ಮಹಡಿ. ನಿಮ್ಮದು ಎಲ್ಲಿ ತಪ್ಪಿದ್ದು?"

"ಎರಡರ ನಡುವೆ ಎಲ್ಲೋ."

"ಹಾಗಾದ್ರೆ ಮೂರಕ್ಕೆ ಹೋಗಿ."

ಅವನು ತಮಾಷೆ ಮಾಡುತ್ತಿರಲಿಲ್ಲ. ಮೂರನೇ ಮಹಡಿ ಪರೀಕ್ಷಾ ವಿಭಾಗ. ಪ್ರತಿ ಮಹಡಿಗೂ ಗಾಜಿನ ಬಾಗಿಲು, ಪ್ರತಿ ಬಾಗಿಲಿಗೂ ಬೇರೆ ಕಾರ್ಡು. ಎರಡರವನ ಕಾರ್ಡು ನಾಲ್ಕರ ಬಾಗಿಲು ತೆಗೆಯುವುದಿಲ್ಲ. ಮೂರರಲ್ಲಿ ಒಬ್ಬರು ನನ್ನ ದೂರು ಬರೆದುಕೊಂಡು ಒಂದು ನಂಬರ್ ಕೊಟ್ಟರು. ಹನ್ನೆರಡು ದಿನಕ್ಕೆ ನಿಮ್ಮ ಉಪಕಾರದ ಪತ್ರ ಬಂತು. ಓದಿ ನನಗೆ ಸಮಾಧಾನವಾಯಿತು ಎಂದು ಹೇಳಲು ನಾಚಿಕೆಯಾಗುತ್ತದೆ. ಆದರೂ ಆಯಿತು. ಯಾರಿಗೋ ಶಾಸ್ತಿಯಾಯಿತಲ್ಲ ಎಂದುಕೊಂಡು ಕಾಫಿ ಕುಡಿದೆ.

ಅದಾದ ನಾಲ್ಕನೇ ದಿನ ಆ 'ಯಾರೋ' ನಮ್ಮ ಮನೆಯ ಬಾಗಿಲಲ್ಲಿ ನಿಂತಿತ್ತು. ಇಪ್ಪತ್ತೇಳು ವಯಸ್ಸು ಇದ್ದೀತು. ಹೆಗಲಿಗೆ ಚೀಲ. ಕ್ಷಮೆ ಕೇಳಲು ಬಂದಿದ್ದಾಳೆ, ಅಳುತ್ತಾಳೆ, ನನಗೆ ಏನು ಹೇಳಲೂ ತೋಚುವುದಿಲ್ಲ ಎಂದು ಹೆದರಿದೆ. ಅವಳು ಚೀಲದಿಂದ ಪುಸ್ತಕ ತೆಗೆದು, "ಸರ್, ಚೀಟಿಯಲ್ಲಿ ನಿಮಗೆ ನಿಖರವಾಗಿ ಏನು ಕಂಡಿತು? ಯಾವ ತಾರೀಕು?" ಅಂದಳು.

"ಅದನ್ನ ಕಟ್ಟಿಕೊಂಡು ಈಗ ನಿನಗೇನಮ್ಮ? ಅಮಾನತು ಮಾಡಿದ್ದಾರಲ್ಲ."

"ನನ್ನನ್ನ ಮಾಡಿದ್ದಾರೆ ಸರ್. ಚೀಟಿಗಳು ಅಚ್ಚಾಗ್ತಾನೇ ಇವೆ."

ಮಾನ್ಯರೇ, ಈ ಮಾತು ನಿಮ್ಮ ಬಾಯಿಂದ ಬರಬೇಕಿತ್ತು.

ಆಗ ಅವಳು ನನಗೆ ವಿವರಿಸಿದ್ದನ್ನು, ಕಂಪ್ಯೂಟರಿನ ಗಂಧಗಾಳಿ ಇಲ್ಲದ ನಾನು ಅರ್ಥ ಮಾಡಿಕೊಂಡ ಹಾಗೆ ಇಲ್ಲಿ ಬರೆಯುತ್ತೇನೆ. ಮೊದಲು ಡಾಕ್ಟರು ಎಡ ಅಥವಾ ಬಲ ಎಂಬ ಪದವನ್ನು ಆರಿಸುತ್ತಿದ್ದರಂತೆ. ಹೊಸ ಪರದೆಯಲ್ಲಿ ಒಂದು ಮುಖದ ಚಿತ್ರ, ಅದರಲ್ಲಿ ಕಣ್ಣಿನ ಮೇಲೆ ಒತ್ತಿದರೆ ಸಾಕು. ಎರಡನೇ ಮಹಡಿಯವರು ಚಿತ್ರದಲ್ಲಿ ಎಡದಿಂದ ನೋಡುತ್ತ ಹೋದರೆ ಮೊದಲು ಸಿಗುವ ಕಣ್ಣಿಗೆ ಒಂದು, ಆಮೇಲಿನದಕ್ಕೆ ಎರಡು ಎಂದು ಸಂಖ್ಯೆ ಕೊಟ್ಟರು. ಎದುರಿಗೆ ಕೂತವನ ಮುಖವಲ್ಲವೇ, ಮೊದಲು ಸಿಗುವುದು ಅವನ ಬಲಗಣ್ಣು. ನಾಲ್ಕನೇ ಮಹಡಿಯ ಹಳೆಯ ಪಟ್ಟಿಯಲ್ಲಿ ಒಂದು ಎಂದರೆ ಎಡಗಣ್ಣು. ಇಬ್ಬರೂ ತಮ್ಮ ತಮ್ಮ ಮಹಡಿಯಲ್ಲಿ ಸರಿಯೇ. ಮೂರನೇ ಮಹಡಿಯವರು ಪರೀಕ್ಷೆ ಮಾಡಿದರು: ಮೇಲಕ್ಕೆ ಒಂದು ಹೋಯಿತು, ಒಂದೇ ಮುಟ್ಟಿತು, ಪಾಸ್. ಮೂರು ಮಹಡಿಯ ಆರು ತಿಂಗಳ ಕೆಲಸವನ್ನು ಒಟ್ಟಿಗೆ ಕಟ್ಟಿ ನಾಲ್ಕನೇ ತಾರೀಕು ಒಂದೇ ಸಂಜೆ ಎಲ್ಲ ಆಸ್ಪತ್ರೆಗಳ ಮೇಲೂ ಸುರಿದಿರಿ. ಸ್ವಲ್ಪ ಸ್ವಲ್ಪವಾಗಿ, ಒಂದು ಆಸ್ಪತ್ರೆಯಲ್ಲಿ ಮೊದಲು ನೋಡಿ ಬಿಟ್ಟಿದ್ದರೆ ಆ ಒಂದು ಬೆಂಚಿನಲ್ಲೇ ಸಿಕ್ಕಿಬೀಳುತ್ತಿತ್ತು ಎಂದಳು ಅವಳು. ಅಷ್ಟು ಸಣ್ಣ ಕೆಲಸಕ್ಕೆ ಉದ್ಘಾಟನೆ ಇಟ್ಟುಕೊಳ್ಳಲಾಗುವುದಿಲ್ಲ ಎಂಬ ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ.

ಇನ್ನು ಅವಳ ಅಪರಾಧ. ಅದು ಎರಡು ಬಗೆಯದು. ನಾಲ್ಕನೇ ಮಹಡಿಯಲ್ಲಿ ಚೀಟಿಯ ಕಡತಕ್ಕೆ ಕೊನೆಯದಾಗಿ ಕೈಹಾಕಿದವಳು ಅವಳು. ಯಾಕೆ ಹಾಕಿದಳು? ವಯಸ್ಸಾದವರಿಗೆ ಓದಲು ಅನುಕೂಲವಾಗಲಿ ಎಂದು ಅಕ್ಷರ ದೊಡ್ಡದು ಮಾಡಲು. ಎರಡನೆಯದು ಇನ್ನೂ ಘೋರ: ಅವಳಿಗೆ ಅನುಮಾನ ಬಂದಿತ್ತು. 'ಒಂದು ಎಂದರೆ ಯಾವ ಕಣ್ಣು? ಒಂದು ಗಂಟೆ ಎರಡನೇ ಮಹಡಿಯವರ ಜೊತೆ ಕೂರಬಹುದೇ?' ಎಂದು ಬರೆದು ಕೇಳಿದ್ದಳು. ನಿಮ್ಮಲ್ಲಿ ಒಂದು ಮಹಡಿಯವರು ಇನ್ನೊಂದು ಮಹಡಿಯವರನ್ನು ಏನಾದರೂ ಕೇಳಬೇಕಾದರೆ ಟಿಕೆಟ್ ಎಂಬ ಅರ್ಜಿ ಹಾಕಬೇಕಂತೆ. ಹತ್ತೊಂಬತ್ತು ದಿನಕ್ಕೆ ಉತ್ತರ ಬಂತು: 'ವಿನ್ಯಾಸದ ಪ್ರಕಾರವೇ ಇದೆ. ಟಿಕೆಟ್ ಮುಚ್ಚಲಾಗಿದೆ.' ಬಾಗಿಲಿನ ಫಲಕದ ನಾಲ್ಕು ಸಾವಿರ ಚಿಲ್ಲರೆಯಲ್ಲಿ ಅದೂ ಒಂದು. ಈಗ ಅಮಾನತಿನ ಆದೇಶದಲ್ಲಿ ಅದೇ ಪ್ರಶ್ನೆಯನ್ನು ಸಾಕ್ಷ್ಯವಾಗಿ ಲಗತ್ತಿಸಿದ್ದೀರಿ: 'ಸದರಿ ನೌಕರರಿಗೆ ದೋಷದ ಅರಿವು ಮುಂಚಿತವಾಗಿಯೇ ಇತ್ತು.' ಏನೂ ಕೇಳದೆ ಸುಮ್ಮನಿದ್ದವರ ಮೇಲೆ ಸಾಕ್ಷ್ಯವೇ ಇಲ್ಲ, ಪಾಪ. ಇನ್ನು ಮುಂದೆ ನಿಮ್ಮ ಯಾವ ಮಹಡಿಯಲ್ಲಾದರೂ ಯಾರಾದರೂ ಒಂದು ಪ್ರಶ್ನೆ ಕೇಳುತ್ತಾರೆಯೇ? ಅನುಮಾನ ಬಂದವನು ಅದನ್ನು ನುಂಗಿಕೊಂಡು ಮನೆಗೆ ಹೋಗುತ್ತಾನೆ. ನಿಮ್ಮ ಕಚೇರಿ ತುಂಬ ಶಾಂತವಾಗಿರುತ್ತದೆ. ಆಪರೇಷನ್ ಥಿಯೇಟರಿನಲ್ಲಿ ಏನಾಗುತ್ತದೆ ಎನ್ನುವುದು ಬೇರೆ ಇಲಾಖೆ.

ನನ್ನ ಹೆಂಡತಿಯ ವಿಷಯ ಹೇಳದೆ ಇದು ಮುಗಿಯುವುದಿಲ್ಲ. ಅವಳು ತೀರಿಕೊಂಡು ನಾಲ್ಕು ವರ್ಷವಾಯಿತು. ಮಾತು ಅವಳ ಕಡೆ ಹೊರಳುವುದು ನನಗೆ ಅಭ್ಯಾಸ, ಸಹಿಸಿಕೊಳ್ಳಿ. ನಮ್ಮ ಮುದ್ರಣಾಲಯದಲ್ಲಿ ಅವಳು ಕಾಪಿ ಹೋಲ್ಡರ್. ಎಂದರೆ, ಮೂಲ ಪ್ರತಿಯನ್ನು ಹಿಡಿದು ಗಟ್ಟಿಯಾಗಿ ಓದುವವಳು, ಕಾಮಾ ಫುಲ್‌ಸ್ಟಾಪ್ ಸಮೇತ. ಎದುರಿಗೆ ಕೂತ ಪ್ರೂಫ್ ರೀಡರ್ ಅಚ್ಚಾದ ಹಾಳೆಯ ಮೇಲೆ ಬೆರಳಿಟ್ಟು ಹಿಂದೆಯೇ ಹೋಗಬೇಕು. ಅವಳು ಸೇರಿದ ಮೊದಲ ತಿಂಗಳು ಒಂದು ಬಸ್ಸಿನ ವೇಳಾಪಟ್ಟಿ ಬಂತು. ಬೈಂಡಿಂಗಿನಲ್ಲಿ ಜನ ಸಾಲದೆಂದು ನನ್ನನ್ನು ಹಾಳೆ ಮಡಿಸಲು ಕಳಿಸಿದ್ದರು. ಅವಳೊಬ್ಬಳೇ ಕೂತು ಎರಡನ್ನೂ ಹೋಲಿಸಿದಳು. ಒಬ್ಬರೇ ಓದಿದರೆ ಕಣ್ಣು ಹಾಳೆಯ ಮೇಲಿರುವುದನ್ನು ಬಿಟ್ಟು ಇರಬೇಕಾದದ್ದನ್ನೇ ನೋಡುತ್ತದೆ. ಏಳು ಹದಿನೈದರ ಬಸ್ಸು ಏಳು ಐವತ್ತೊಂದು ಎಂದು ಅಚ್ಚಾಯಿತು, ಎಲ್ಲ ನಿಲ್ದಾಣಗಳಲ್ಲೂ ಅಂಟಿಸಿದರು. ಪಟ್ಟಿ ನೋಡಿ ಸರಿಯಾಗಿ ಆ ಹೊತ್ತಿಗೆ ಬಂದವರಿಗೆ ಬಸ್ಸಿನ ಹೊಗೆಯೂ ಸಿಗಲಿಲ್ಲ.

ಫೋರ್‌ಮನ್ ಎಲ್ಲರನ್ನೂ ಮೇಜಿನ ಸುತ್ತ ಕರೆದ. ಅವಳು ಆಗಲೇ ಚೀಲ ಜೋಡಿಸಿಕೊಂಡು ನಿಂತಿದ್ದಳು.

"ಯಾರು ಅಂತ ನಾನು ಕೇಳ್ತಿಲ್ಲ," ಅಂದ ಫೋರ್‌ಮನ್. "ಇದು ನಮ್ಮೆಲ್ಲರನ್ನೂ ದಾಟಿಕೊಂಡು ಬಾಗಿಲಾಚೆ ಹೇಗೆ ಹೋಯ್ತು ಅಂತ ಕೇಳ್ತಿದೀನಿ."

ಅಚ್ಚಿನ ಮೊಳೆ ಜೋಡಿಸುವ ಹಿರಿಯನೊಬ್ಬ ಹೇಳಿದ, "ಹೊಸಬಳನ್ನ ಒಬ್ಬಳೇ ಕೂರಿಸಿದ್ರೆ ಇನ್ನೇನಾಗುತ್ತೆ?"

"ಕೂರಿಸಿದ್ದು ಯಾರು?"

"ನೀವೇ ಅಣ್ಣ."

ಫೋರ್‌ಮನ್ ಕತ್ತು ಕೆರೆದುಕೊಂಡ. "ಸರಿ. ಅದನ್ನೂ ಬರ್ಕೊಳ್ಳಿ."

ಅಂದಿನಿಂದ ಅಂಕಿಯಿರುವ ಯಾವ ಹಾಳೆಯೂ ಒಬ್ಬರ ಓದಿನಲ್ಲಿ ಹೊರಹೋಗಲಿಲ್ಲ. ಎರಡು ವರ್ಷ ಅವಳು ನನ್ನೆದುರು ಕೂತು ಅಂಕಿಗಳನ್ನು ಒಂದೊಂದಾಗಿ ಬಿಡಿಸಿ ಓದಿದಳು, ನಾನು ತೂಕಡಿಸಿದರೆ ಸ್ಕೇಲಿನಿಂದ ಮೇಜು ತಟ್ಟುತ್ತಿದ್ದಳು. ವೇಳಾಪಟ್ಟಿಯಲ್ಲಿ ತಪ್ಪು ಹಿಡಿಯಲು ಅವಳನ್ನು ಮೀರಿಸಿದವರು ಆಮೇಲೆ ಬರಲಿಲ್ಲ, ಬರುವುದು ಹೇಗೆ, ಆ ತಪ್ಪು ಮಾಡಿದ್ದ ಅನುಭವ ಬೇರೆ ಯಾರಿಗಿತ್ತು? ಮೂರನೇ ವರ್ಷ ಮದುವೆಯಾದೆವು. ಆ ಫೋರ್‌ಮನ್ ಜಾಗದಲ್ಲಿ ನೀವಿದ್ದಿದ್ದರೆ ಅವಳು ಮೊದಲ ತಿಂಗಳೇ ಮನೆಗೆ ಹೋಗುತ್ತಿದ್ದಳು, ನಾನು ಬ್ರಹ್ಮಚಾರಿಯಾಗಿ ಉಳಿಯುತ್ತಿದ್ದೆ, ಏಳು ಐವತ್ತೊಂದು ಮಾತ್ರ ಹಾಗೇ ಅಚ್ಚಾಗುತ್ತಿತ್ತು.

ನಿಮ್ಮ ಕಟ್ಟಡದಲ್ಲಿ ಪರದೆಗೆ ಒಂದು ತಂಡ, ಪರೀಕ್ಷೆಗೆ ಒಂದು, ಅಚ್ಚಿಗೆ ಒಂದು. ಕಾಲೇಜಿನಲ್ಲಿ ಇದನ್ನು ಎಫಿಷಿಯೆನ್ಸಿ ಎಂದು ಓದಿದ ನೆನಪು. ಸ್ಪೆಲ್ಲಿಂಗ್ ಮರೆತಿದೆ, ನೀವು ಅರ್ಥ ಮರೆತಿದ್ದೀರಿ. ಕಣ್ಣಿಗೆ ಒಂದು ತಂಡ ಎಲ್ಲಿದೆ? ಡಾಕ್ಟರ ಬೆರಳಿನಿಂದ ನನ್ನ ಹುಬ್ಬಿನ ತನಕ ಈ ಚೀಟಿ ನಮ್ಮದು ಎನ್ನುವ ಆರೇಳು ಜನ ಯಾವ ಮಹಡಿಯಲ್ಲಿ ಕೂತಿದ್ದಾರೆ? ಅವರಲ್ಲಿ ಒಬ್ಬರಾದರೂ ಒಂದು ಬೆಳಿಗ್ಗೆ ಆ ಬೆಂಚಿನ ಪಕ್ಕ ನಿಂತು ನೋಡಿದ್ದಾರೆಯೇ? ನೀವು ಗೋಡೆ ಎಲ್ಲಿ ಕಟ್ಟಿದಿರೋ ಸಾಫ್ಟ್‌ವೇರ್ ಸರಿಯಾಗಿ ಅಲ್ಲೇ ಬಿರುಕುಬಿಟ್ಟಿತು. ಅದಕ್ಕೆ ಸಾಫ್ಟ್‌ವೇರಿನ ಜ್ಞಾನ ಬೇಕಿಲ್ಲ, ಕಟ್ಟಡದ ನಕ್ಷೆ ನೋಡಿದರೆ ಸಾಕಿತ್ತು.

ಮೊನ್ನೆ ಆಸ್ಪತ್ರೆಗೆ ಹೋಗಿದ್ದೆ. ಕೌಂಟರಿನ ಗಾಜಿಗೆ ನರ್ಸಮ್ಮನ ಕೈಬರಹದ ಒಂದು ಹಾಳೆ ಅಂಟಿಸಿದ್ದಾರೆ: 'ಚೀಟಿಯಲ್ಲಿ ಎಡ ಎಂದಿದ್ದರೆ ಬಲ ಎಂದು, ಬಲ ಎಂದಿದ್ದರೆ ಎಡ ಎಂದು ತಿಳಿಯುವುದು. ನಾಲ್ಕನೇ ತಾರೀಕಿಗಿಂತ ಹಿಂದಿನ ಚೀಟಿಗೆ ಇದು ಅನ್ವಯಿಸುವುದಿಲ್ಲ.' ನಿಮ್ಮ ಇಡೀ ವಿಭಾಗದಲ್ಲಿ ಈಗ ಕೆಲಸ ಮಾಡುತ್ತಿರುವ ಏಕೈಕ ತಿದ್ದುಪಡಿ ಅದು. ಅಂಟು ಒಣಗಿ ಒಂದು ಮೂಲೆ ಬಿಟ್ಟುಕೊಂಡಿದೆ.

ಆಸ್ಪತ್ರೆಗೆ ಯಾಕೆ ಹೋಗಿದ್ದೆ ಎಂದರೆ, ಈಗ ಎಡಗಣ್ಣಿಗೂ ಪೊರೆ ಬಲಿತಿದೆ. ತಡ ಮಾಡಿದರೆ ಕಷ್ಟ ಎಂದು ಡಾಕ್ಟರು ಮುಂದಿನ ತಿಂಗಳ ಹನ್ನೊಂದಕ್ಕೆ ದಿನ ಕೊಟ್ಟರು. ನಾನು ತೆಗೆದುಕೊಳ್ಳಲಿಲ್ಲ. ನನ್ನ ಮಗಳು ಫೋನಿನಲ್ಲಿ, "ಅಪ್ಪಾ, ಅವರ ಕಚೇರಿ ಜಗಳಕ್ಕೆ ನಿಮ್ಮ ಕಣ್ಣು ಯಾಕೆ ಒತ್ತೆ ಇಡ್ತೀರಿ?" ಅಂದಳು. ಸರಿಯಾದ ಪ್ರಶ್ನೆ. ಅದಕ್ಕೆ ನನ್ನ ಉತ್ತರ ಇಷ್ಟೆ: ದೂರಿಗೆ ಸಹಿ ಹಾಕಿದವನು ನಾನು, ಆ ಹುಡುಗಿ ಮನೆಯಲ್ಲಿ ಕೂತಿರುವುದು ನನ್ನ ಸಹಿಯಿಂದ. ನನ್ನ ಬಳಿ ಬೇರೆ ಯಾವ ಅಧಿಕಾರವೂ ಇಲ್ಲ, ಒಂದು ಕಣ್ಣಿದೆ.

ಆದ್ದರಿಂದ ಹೆನ್ಸ್‌ಫೋರ್ತ್ (ಎಂದರೆ ಇನ್ನು ಮುಂದೆ; ಕಾಲೇಜಿನಲ್ಲಿ ಕಲಿತ ಶಬ್ದ, ಬಳಸಲು ಇವತ್ತಿನ ತನಕ ಸಂದರ್ಭ ಸಿಕ್ಕಿರಲಿಲ್ಲ) ನನ್ನ ಬೇಡಿಕೆ ಹೀಗಿದೆ. ಅಮಾನತು ರದ್ದು ಮಾಡಿ. ವಿಚಾರಣೆ ಖಂಡಿತ ನಡೆಸಿ, ಆದರೆ ಎರಡು, ಮೂರು, ನಾಲ್ಕು, ಮೂರೂ ಮಹಡಿಯವರನ್ನು ಒಂದೇ ಮೇಜಿಗೆ ಕೂರಿಸಿ, ನರ್ಸಮ್ಮನನ್ನೂ ಕರೆಸಿ, ಯಾರು ಎಂದು ಕೇಳದೆ ಹೇಗೆ ಎಂದು ಕೇಳಿ. ಮಾತು ಸುತ್ತಿ ಬಂದು 'ನೀವೇ' ಎಂದು ನಿಂತರೆ ಅದನ್ನೂ ಬರೆದುಕೊಳ್ಳಿ. ಆಮೇಲೆ ಆ ಹುಡುಗಿಗೆ ಎಲ್ಲ ಬಾಗಿಲು ತೆಗೆಯುವ ಒಂದು ಕಾರ್ಡು ಕೊಡಿ. ಎರಡು ದಿನದ ಕೆಲಸ ಎಂದಿದ್ದಾಳೆ. ಅವಳು ಸರಿಮಾಡಿದ ಚೀಟಿ ಯಾವತ್ತು ಅಚ್ಚಾಗಿ ಬರುತ್ತದೋ ಅವತ್ತೇ ನಾನು ಹಸಿರು ಗೌನು ತೊಟ್ಟು ಆ ಬೆಂಚಿನ ಮೇಲೆ ಬಂದು ಕೂರುತ್ತೇನೆ. ಅಲ್ಲಿಯ ತನಕ ಎಡಗಡೆಯ ಜಗತ್ತು ಮಂಜಾಗಿಯೇ ಇರಲಿ. ನನ್ನ ಈ ದೂರನ್ನು ಮಾತ್ರ ಮುಕ್ತಾಯಗೊಳಿಸಬೇಡಿ, ಅದನ್ನು ನಾನೇ ಮಾಡುತ್ತೇನೆ.

ಇಂತಿ,
ನಿಮ್ಮ ಕಡತದಲ್ಲಿ ತೃಪ್ತ ದೂರುದಾರ ಎಂದು ನಮೂದಾಗಿರುವ,
ಸದ್ಯಕ್ಕೆ ಒಂದೇ ಕಣ್ಣಿನ ಒಬ್ಬ ಪ್ರೂಫ್ ರೀಡರ್