ಐದು ದಿನದ ದಾರಿ, ಎರಡು ಸೀಟು

ಮನೆಯಿಂದ, ಅಮ್ಮನ ಇಸ್ತ್ರಿ ಮೇಜಿನ ಮೇಲಿಂದ
ಭಾನುವಾರ, ಸೆಪ್ಟೆಂಬರ್ ೮
ಮಧ್ಯಾಹ್ನ ಎರಡು ಗಂಟೆ ಹದಿನೇಳು ನಿಮಿಷ

ಪ್ರೀತಿಯ ಚಿನಕುರಳಿ,

ಹೇಗಿದ್ದೀಯ? ಸೇತುವೆಗಳ ಹೊಟ್ಟೆಯ ಕೆಳಗೆ ಹಗ್ಗ ಕಟ್ಟಿಕೊಂಡು ನೇತಾಡಿ ಬಿರುಕು ಹುಡುಕುವ ನಿನ್ನ ಕೆಲಸದಲ್ಲಿ ಸೊಂಟ ಇನ್ನೂ ನೆಟ್ಟಗಿದೆಯಾ? ಎಡಗೈ ಮಣಿಕಟ್ಟು ಉಳುಕಿದೆ ಎಂದು ಬರೆದಿದ್ದೆ. ಯಾರಿಗಾದರೂ ತೋರಿಸಿದೆಯೋ, ಇಲ್ಲ ಎಂದಿನಂತೆ ‘ತಾನಾಗೇ ಹೋಗುತ್ತೆ ಬಿಡಕ್ಕಾ’ ಎಂದು ಬಿಟ್ಟೆಯೋ? ಹೊತ್ತಿಗೆ ಸರಿಯಾಗಿ ಊಟ ಮಾಡು. ವ್ಯಾನಿನಲ್ಲೇ ಕೂತು ಬಿಸ್ಕತ್ತು ತಿಂದು ನೀರು ಕುಡಿದರೆ ಅದು ಊಟವಲ್ಲ. ನಾನು ಚೆನ್ನಾಗಿದ್ದೇನೆ. ಅಮ್ಮ ನನಗಿಂತ ಚೆನ್ನಾಗಿದ್ದಾಳೆ. ಎಷ್ಟು ಚೆನ್ನಾಗಿದ್ದಾಳೆಂದರೆ, ಅದನ್ನು ಹೇಳುವುದಕ್ಕೇ ಇಷ್ಟುದ್ದ ಕಾಗದ ಬರೆಯಬೇಕಾಗಿ ಬಂದಿದೆ. ಫೋನಿನಲ್ಲಿ ಹೇಳಬಹುದಿತ್ತು ಅನ್ನಬೇಡ. ನೀನಿರುವ ಕಡೆ ಫೋನ್ ಸಿಕ್ಕುವುದೇ ಅಪರೂಪ, ಸಿಕ್ಕರೂ ‘ಹೇಳಕ್ಕಾ, ಹೇಳಕ್ಕಾ’ ಎನ್ನುತ್ತ ಮಧ್ಯೆ ಇನ್ಯಾರಿಗೋ ‘ಹಗ್ಗ ಬಿಡು, ಹಗ್ಗ ಬಿಡು’ ಎಂದು ಕೂಗುತ್ತೀಯ. ಕಾಗದವಾದರೆ ಕೊನೆಯವರೆಗೂ ಓದಲೇಬೇಕು.

ಇದರ ಜೊತೆ ಮೂರು ಹಾಳೆ ಇಟ್ಟಿದ್ದೇನೆ. ಹೌದು, ನೀನೂ ಅಮ್ಮನೂ ಹೋಗಬೇಕೆಂದಿದ್ದ ಪ್ರವಾಸದ ಪ್ಲಾನೇ. ಬಯಲು ಪ್ರಾಂತ್ಯದೊಳಗಿಂದ ಹಾದು, ಬೆಟ್ಟದ ಮೇಲಿನ ಆ ರಕ್ಷಿತ ಉದ್ಯಾನ ಮುಟ್ಟಿ ಬರುವ ಐದು ದಿನದ ದಾರಿ; ಎಲ್ಲಿ ಏಳಬೇಕು, ಎಲ್ಲಿ ನಿಲ್ಲಬೇಕು, ಎಲ್ಲಿ ಮಲಗಬೇಕು ಎಲ್ಲ ಬರೆದಿದೆ. ಹೋದ ತಿಂಗಳು ‘ಅಮ್ಮನಿಗೆ ಎತ್ತರದ ಜಾಗ ಬೇಡ ಎಂದು ಡಾಕ್ಟರು ಹೇಳಿದ್ದಾರೆ, ಪ್ರವಾಸದ ಆಸೆ ಬಿಟ್ಟುಬಿಡು’ ಎಂದು ಬರೆದವಳೂ ನಾನೇ, ಈಗ ಇದನ್ನು ಕಳಿಸುತ್ತಿರುವವಳೂ ನಾನೇ. ಹೀಗೇಕಾಯಿತು ಎಂದು ಹೇಳುತ್ತೇನೆ. ನಡುವೆ ಸಿಟ್ಟು ಬಂದರೆ ಒಂದು ಲೋಟ ನೀರು ಕುಡಿದು ಮುಂದೆ ಓದು.

ಮಾರ್ಚಿನಲ್ಲಿ ನೀನು ಎರಡು ದಿನಕ್ಕೆ ಬಂದಿದ್ದೆಯಲ್ಲ, ಶುರುವಾದದ್ದು ಅಲ್ಲಿಂದ. ಆ ಪ್ರಾಂತ್ಯದಲ್ಲಿ ಹನ್ನೊಂದು ಸೇತುವೆ ನೋಡಿ ಬಂದಿದ್ದೆ. ಹೆಸರು ಹೇಳಿದರೆ ನಮ್ಮ ಆಫೀಸಿನಲ್ಲೂ ನಾಲ್ಕು ಜನಕ್ಕೆ ಗೊತ್ತಿಲ್ಲದ ಜಾಗ. ನಿನ್ನ ಫೋನಿನಲ್ಲಿ ಒಂದು ಫೋಟೋ ತೋರಿಸಿದೆ: ಹುಲ್ಲಿನ ಬಯಲಿನಲ್ಲಿ ಒಂಟಿ ರಸ್ತೆ, ಕೊನೆಯಲ್ಲಿ ಬೂದುಬಣ್ಣದ ಬೆಟ್ಟ. ಅಮ್ಮ ಕನ್ನಡಕ ಒರೆಸಿಕೊಂಡು ನೋಡಿ, ‘ಈ ರಸ್ತೆ ಆಮೇಲೆ ಎಲ್ಲಿಗೆ ಹೋಗುತ್ತೆ?’ ಎಂದು ಕೇಳಿದಳು. ನೀನು ತಟ್ಟನೆ, ‘ಬಾ, ತೋರಿಸ್ತೀನಿ. ಅಕ್ಟೋಬರಲ್ಲಿ ಐದು ದಿನ. ನಾವಿಬ್ಬರೇ’ ಅಂದೆ. ನಾನು ಅಡುಗೆಮನೆಯಲ್ಲಿ ಚಹಾದ ಕಪ್ಪು ತೊಳೆಯುತ್ತಿದ್ದೆ. ನಲ್ಲಿ ನಿಲ್ಲಿಸಿದೆ. ನೀನು ಕೂಗಿ ಹೇಳಿದೆ, ‘ಅಕ್ಕಾ, ವ್ಯಾನಲ್ಲಿ ಎರಡೇ ಸೀಟಿರೋದು ಕಣೇ, ಹಿಂದೆಲ್ಲ ಏಣಿ, ಹಗ್ಗ.’ ನಾನು, ‘ಹೋಗಿ ಬನ್ನಿ, ನನಗೆ ರಜಾ ಎಲ್ಲಿದೆ?’ ಅಂದೆ. ಅಷ್ಟಕ್ಕೇ ಮಾತು ಮುಗಿಯಿತು. ಇನ್ನೊಂದು ಸಲ ಯಾರೂ ಕೇಳಲಿಲ್ಲ. ಕೇಳಿದ್ದರೂ ಇಲ್ಲ ಅನ್ನುತ್ತಿದ್ದೆ, ಅದು ಬೇರೆ ಮಾತು. ಆದರೆ ಕೇಳಬೇಕಿತ್ತು.

ನಾನು ಬಸ್ ಡಿಪೋದಲ್ಲಿ ಕೂತು ದಿನಾ ಇನ್ನೂರ ಮೂವತ್ತು ಬಸ್ಸು ಹೊರಡಿಸುವವಳು. ಯಾವ ಬಸ್ಸು ಎಷ್ಟಕ್ಕೆ ಬಿಡಬೇಕು, ಯಾವ ತಿರುವಿನಲ್ಲಿ ಮೂರು ನಿಮಿಷ ತಿನ್ನುತ್ತದೆ ಎಲ್ಲ ನನ್ನ ಬೆರಳ ತುದಿಯಲ್ಲಿ. ಆ ಬಸ್ಸುಗಳಲ್ಲಿ ಕೂತು ಊರಾಚೆ ಹೋದದ್ದು ಬದುಕಿನಲ್ಲಿ ಆರೋ ಏಳೋ ಸಲ. ಅದು ನನ್ನ ಹಣೆಬರಹ, ಇರಲಿ. ಆದರೆ ಅಮ್ಮನ ಜೊತೆ ಹದಿನಾಲ್ಕು ವರ್ಷದಿಂದ ಇರುವವಳು ನಾನು. ಮೂಲೆಯ ಚಹಾದಂಗಡಿಗೆ ಕೂಡ ‘ಬಾ, ಇಬ್ಬರೂ ಹೋಗೋಣ’ ಎಂದು ಅವಳು ಕರೆದವಳಲ್ಲ. ವರ್ಷಕ್ಕೆ ಎರಡು ಸಲ ಮುಖ ತೋರಿಸುವ ನೀನು ಕರೆದದ್ದೇ ತಡ, ಹೊಲಿಗೆ ಮಷೀನಿನ ಮೇಲಿನ ಹೊದಿಕೆ ತೆಗೆದಳು. ಎರಡು ವರ್ಷದ ಹಿಂದೆ ಹೃದಯದ ಚಿಕಿತ್ಸೆ ಆದಮೇಲೆ ಮುಟ್ಟದ ಮಷೀನು! ನಿನಗೊಂದು ಜಾಕೆಟ್ಟು. ಟಾರ್ಚಿಗೆ ಒಂದು ಜೇಬು, ಅಳತೆ ಪಟ್ಟಿಗೆ ಒಂದು ಜೇಬು, ಪೆನ್ಸಿಲ್ಲಿಗೆ ಒಂದು. ಎಣಿಸಿದೆ, ಒಟ್ಟು ಒಂಬತ್ತು. ನನಗೆ ಅವಳು ಕೊನೆಯ ಸಲ ಹೊಲಿದುಕೊಟ್ಟದ್ದು ದಿಂಬಿನ ಚೀಲ. ಎದುರುಮನೆಯ ಔಷಧದಂಗಡಿಯವರ ಹೆಂಡತಿಗೆ, ಹಾಲಿನವರಿಗೆ, ಕಂಡಕಂಡವರಿಗೆಲ್ಲ ‘ಮಗಳು ಬೆಟ್ಟಕ್ಕೆ ಕರ್ಕೊಂಡು ಹೋಗ್ತಾಳೆ’ ಎಂದು ಹೇಳಿದ್ದೇ ಹೇಳಿದ್ದು. ಮಗಳು! ನಾನು ಪಕ್ಕದಲ್ಲೇ ಚೀಲ ಹಿಡಿದು ನಿಂತಿರುತ್ತಿದ್ದೆ, ಬಾಡಿಗೆಗೆ ಇರುವವಳ ಹಾಗೆ. ಹಿತ್ತಲ ಗಿಡ ಮದ್ದಲ್ಲ ಎಂದು ಹೇಳಿದವರು ಯಾರೋ, ಅವರಿಗೂ ಒಬ್ಬಳು ತಂಗಿ ಇದ್ದಿರಬೇಕು.

ಇನ್ನು ಆ ಡಾಕ್ಟರ ವಿಷಯ. ಆಗಸ್ಟಿನ ಮೊದಲ ವಾರ ತಪಾಸಣೆಗೆ ಕರೆದುಕೊಂಡು ಹೋದೆ. ಅಮ್ಮ ರಕ್ತಪರೀಕ್ಷೆಗೆ ಪಕ್ಕದ ಕೋಣೆಗೆ ಹೋಗಿದ್ದಾಗ ನಾನೇ ಕೇಳಿದೆ. ಅವರು ನಕ್ಷೆಯಲ್ಲಿ ಎತ್ತರ ನೋಡಿ, ‘ಧಾರಾಳವಾಗಿ ಹೋಗಲಿ. ಮಧ್ಯದಲ್ಲಿ ಒಂದು ರಾತ್ರಿ ತಂಗಿ ಮೇಲಕ್ಕೆ ಹೋಗಲಿ, ಅಷ್ಟೇ’ ಅಂದರು. ನಾನು ತಲೆಯಾಡಿಸಿದೆ. ಹೊರಗೆ ಬಂದೆ. ಅಮ್ಮ ತೋಳಿನ ಹತ್ತಿಯನ್ನು ಒತ್ತಿ ಹಿಡಿದುಕೊಂಡು ಬೆಂಚಿನ ಮೇಲೆ ಕೂತಿದ್ದಳು. ‘ಏನಂದ್ರು?’ ಎಂದು ಕೇಳಿದಳು. ‘ಬೇಡ ಅಂದ್ರಮ್ಮ’ ಅಂದೆ. ನಾಲಿಗೆ ತಡವರಿಸಲೂ ಇಲ್ಲ. ಅದೇ ಮಾತನ್ನು ನಿನಗೂ ಬರೆದು ಹಾಕಿದೆ. ಈಗ ನೀರು ಕುಡಿ.

ಅವಳು ಹಟ ಮಾಡಿದ್ದರೆ, ಅತ್ತಿದ್ದರೆ ನಾನು ಜಗಳವಾಡಿ ಹಗುರಾಗುತ್ತಿದ್ದೆ. ಏನೂ ಮಾಡಲಿಲ್ಲ. ಮನೆಗೆ ಬಂದು ಜಾಕೆಟ್ಟನ್ನು ಮಡಿಸಿ ಕಪಾಟಿನಲ್ಲಿಟ್ಟಳು, ಮಷೀನಿಗೆ ಹೊದಿಕೆ ಹೊದಿಸಿದಳು, ‘ರಾತ್ರಿಗೆ ಏನು ಮಾಡ್ಲಿ?’ ಎಂದು ಕೇಳಿದಳು. ಆಮೇಲೆ ನಾಲ್ಕು ವಾರ ಅವಳು ನಾನು ಹೇಳಿದಂತೆಲ್ಲ ಕೇಳಿದಳು. ಮಾತ್ರೆ ಅಂದರೆ ಮಾತ್ರೆ, ನಡಿಗೆ ಅಂದರೆ ನಡಿಗೆ. ಇದನ್ನೇ ಅಲ್ಲವೇ ನಾನು ಇಷ್ಟು ವರ್ಷ ಬಯಸಿದ್ದು? ಆದರೂ ತಟ್ಟೆಯ ಮುಂದೆ ಕೂತರೆ ಅರ್ಧ ಊಟಕ್ಕೇ ಏಳುತ್ತಿದ್ದೆ. ಅವಳು ‘ಡಾಕ್ಟ್ರು’ ಎಂದು ಬಾಯಿಬಿಟ್ಟರೆ ಸಾಕು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತಲ್ಲ, ಹಾಗೆ ನಾನು ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದೆ.

ಹೋದ ಮಂಗಳವಾರ ಡಿಪೋದಲ್ಲಿ ನಾಲ್ಕನೇ ನಂಬರಿನ ಕಂಡಕ್ಟರಮ್ಮ ಚಹಾ ಕುಡಿಯುತ್ತ, ‘ನಿಮ್ಮ ತಾಯಿ ನಿನ್ನೆ ನಮ್ಮ ಬಸ್ಸಲ್ಲಿ ಬಂದಿದ್ರು. ಒಬ್ರೇ. ಆಸ್ಪತ್ರೆ ಸ್ಟಾಪಲ್ಲಿ ಇಳಿದ್ರು. ಹುಷಾರಾಗಿದಾರಾ?’ ಎಂದು ಕೇಳಿದಳು. ಮೊದಲು ಅಮ್ಮನ ಎದೆಗೆ ಏನಾಯಿತೋ ಎಂದು ಹೆದರಿದೆ. ಆಮೇಲೆ, ನಿಜ ಹೇಳುತ್ತೇನೆ, ನನ್ನ ಗತಿ ಏನಾಯಿತೋ ಎಂದು ಹೆದರಿದೆ. ಮೇಲಧಿಕಾರಿಗೆ ತಲೆನೋವು ಎಂದು ಹೇಳಿ ಮನೆಗೆ ಬಂದೆ.

ಅಮ್ಮ ಇದೇ ಇಸ್ತ್ರಿ ಮೇಜಿನ ಮೇಲೆ ನೀನು ಬಿಟ್ಟುಹೋದ ನಕ್ಷೆ ಹರಡಿಕೊಂಡು, ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಲ್ಲಿ ದಾರಿ ಎಳೆಯುತ್ತಿದ್ದಳು. ತಲೆ ಎತ್ತಲಿಲ್ಲ. ‘ಡಾಕ್ಟ್ರ ಹತ್ರ ಹೋಗಿದ್ದೆ. ಇನ್ನೊಂದು ಸಲ ಕೇಳೋಣ, ಬೇಡಿಕೊಂಡ್ರೆ ಒಪ್ಪಬಹುದು ಅಂತ. “ಮೊದಲೇ ಹೇಳಿದ್ನಲ್ಲಮ್ಮ ನಿಮ್ಮ ಮಗಳಿಗೆ” ಅಂದ್ರು’ ಅಂದಳು. ನಾನು ಬಾಗಿಲಲ್ಲೇ ನಿಂತಿದ್ದೆ, ಭುಜದ ಚೀಲವನ್ನೂ ಇಳಿಸಿರಲಿಲ್ಲ. ಕ್ಷಮಿಸು ಅನ್ನಬೇಕಿತ್ತು. ಬಾಯಿಂದ ಬಂದದ್ದು ಬೇರೆ. ‘ನನ್ನನ್ನ್ಯಾಕೆ ಕರೀಲಿಲ್ಲ?’ ಅಂದೆ. ನಲವತ್ತಾರು ವರ್ಷದ ಹೆಂಗಸು, ಮಗುವಿನ ಹಾಗೆ.

ಆಗ ಅವಳು ತಲೆ ಎತ್ತಿದಳು. ‘ನಿನ್ನ ಜೊತೆ ಇದ್ರೆ ನನಗೆ ಎಪ್ಪತ್ತೊಂದು ಕಣೇ. ಮೆಟ್ಟಿಲು ನೋಡು, ಶಾಲು ಹೊದ್ಕೋ, ಮಾತ್ರೆ ಆಯ್ತಾ? ನೀನು ನೋಡ್ಕೊಂಡಿದ್ರಿಂದಾನೇ ಎಪ್ಪತ್ತೊಂದು ಆಯ್ತು, ಅದೂ ಗೊತ್ತು ನನಗೆ. ಆದ್ರೆ ಅವಳಿಗೆ ಯಾವುದೂ ನೆನಪಿರಲ್ಲ. ಅವಳ ಜೊತೆ ಹೋದ್ರೆ ನಾನೇ ಅವಳಿಗೆ ಶಾಲು ಹೊದಿಸಬೇಕು. ಒಂದೈದು ದಿನ ನಾನು ಯಾರನ್ನಾದ್ರೂ ನೋಡ್ಕೋಬೇಕು ಅನ್ಸುತ್ತೆ.’ ನಾನು ಸೋಲಬಾರದೆಂದು, ‘ದೂರದ ಬೆಟ್ಟ ನುಣ್ಣಗೆ ಅಮ್ಮ’ ಅಂದೆ. ‘ಅದಕ್ಕೇ ಹೊರಟಿರೋದು. ಎಷ್ಟು ಒರಟಿದೆ ಅಂತ ಮುಟ್ಟಿ ನೋಡಿ ಬರ್ತೀನಿ’ ಅಂದಳು. ಆಮೇಲೆ ಕುರ್ಚಿಯ ಮೇಲಿನ ಬಟ್ಟೆ ತೆಗೆದು ಜಾಗ ಮಾಡಿದಳು. ‘ಯಾಕೆ ಸುಳ್ಳು ಹೇಳಿದೆ ಅಂತ ಕೇಳಲ್ಲ. ಕೂತ್ಕೋ. ಈ ದಾರಿಗೆ ಟೈಮ್ ಹಾಕ್ಕೊಡು. ನಿನ್ನಷ್ಟು ಚೆನ್ನಾಗಿ ಇನ್ಯಾರಿಗೆ ಬರುತ್ತೆ?’

ಕೂತೆ. ನಾಲ್ಕು ಸಂಜೆ ಇಬ್ಬರೂ ಇದೇ ಮೇಜಿನಲ್ಲಿ ಕೂತೆವು. ಚಿನಕುರಳಿ, ಇಷ್ಟು ವರ್ಷಗಳಲ್ಲಿ ನಾನೂ ಅಮ್ಮನೂ ಮಾತ್ರೆ, ರಕ್ತ, ಬಿಸಿನೀರು ಬಿಟ್ಟು ಬೇರೆ ಮಾತಾಡಿದ ನಾಲ್ಕು ಸಂಜೆ ಇವು. ಮೊದಲ ದಿನ ನದಿ ದಾಟುವ ಕಡೆ ವ್ಯಾನು ಹತ್ತಿಸುವ ಎಂಟೂಮುಕ್ಕಾಲರ ದೋಣಿ ತಪ್ಪಿದರೆ ಮತ್ತೆ ಹನ್ನೊಂದಕ್ಕೇ. ಆರಕ್ಕೆ ಮನೆ ಬಿಡಬೇಕು, ನಿನ್ನ ಆರು ಅಲ್ಲ, ಗಡಿಯಾರದ ಆರು. ಎರಡನೇ ದಿನ ಹೆಂಚಿನ ಕಾರ್ಖಾನೆಯ ಊರು ದಾಟಿದರೆ ತೊಂಬತ್ತು ಕಿಲೋಮೀಟರ್ ಪೆಟ್ರೋಲ್ ಬಂಕಿಲ್ಲ. ಅಂದು ತಂಗುವ ಮನೆಯ ಯಜಮಾನಿಗೆ ಫೋನ್ ಮಾಡಿದ್ದೆ. ‘ಕಿಟಕಿ ಬಯಲ ಕಡೆ ಬೇಕೋ, ರಸ್ತೆ ಕಡೆ ಬೇಕೋ?’ ಎಂದು ಕೇಳಿದಳು. ಅಮ್ಮ ನನ್ನ ಕೈಯಿಂದ ಫೋನ್ ಕಿತ್ತುಕೊಂಡು ‘ರಸ್ತೆ ಕಡೆ’ ಅಂದಳು. ಮೂರನೇ ರಾತ್ರಿ ಅರ್ಧ ಎತ್ತರದಲ್ಲಿ ತಂಗಲೇಬೇಕು, ಡಾಕ್ಟರ ಮಾತು, ಈ ಸಲ ನಿಜವಾದದ್ದು. ನಾಲ್ಕನೇ ದಿನ ಉದ್ಯಾನ. ಎರಡನೇ ಗೇಟಿನವರೆಗೆ ವ್ಯಾನು ಬಿಡುತ್ತಾರೆ, ಅಲ್ಲಿಂದ ಮುಂದೆ ನಡಿಗೆ. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ನಡೆಸಬೇಡ. ಐದನೇ ದಿನ ಸಂಜೆ ಏಳೂವರೆಗೆ ಮನೆ. ನಾನು ಬಾಗಿಲಲ್ಲಿ ಇರುತ್ತೇನೆ.

ಅಮ್ಮನ ವಿಷಯ ನಾಲ್ಕು ಮಾತು ಬರೆಯುತ್ತೇನೆ, ಇವು ನಿನಗೆ ಗೊತ್ತಿಲ್ಲ. ಸುಸ್ತಾದಾಗ ‘ಸುಸ್ತಾಯ್ತು’ ಅನ್ನುವುದಿಲ್ಲ, ‘ನಿನಗೆ ಹಸಿವಾಯ್ತಾ?’ ಎಂದು ಕೇಳುತ್ತಾಳೆ. ಆಗ ವ್ಯಾನು ನಿಲ್ಲಿಸು. ಎಡಮಗ್ಗುಲಲ್ಲಿ ಮಲಗಿದರೆ ಗೊರಕೆ, ಮೆಲ್ಲಗೆ ದಿಂಬು ಎಳೆದರೆ ತಾನೇ ತಿರುಗುತ್ತಾಳೆ. ಅಪ್ಪನ ನೆನಪಾದರೆ ಗುಂಡಿ ಕಿತ್ತಿದೆಯೇ ಎಂದು ಎದುರಿಗಿರುವವರ ಅಂಗಿ ನೋಡುತ್ತಾಳೆ. ಆಗ ಏನೂ ಕೇಳಬೇಡ, ಅಂಗಿ ಬಿಚ್ಚಿ ಕೊಟ್ಟುಬಿಡು, ಹೊಲಿದುಕೊಳ್ಳಲಿ. ಇದನ್ನೆಲ್ಲ ಬರೆಯುವಾಗಲೂ ನನಗೆ ಹೊಟ್ಟೆಕಿಚ್ಚೇ. ನನ್ನ ಗಂಟು ನಾನೇ ಬಿಚ್ಚಿ ನಿನ್ನ ಮಡಿಲಿಗೆ ಸುರಿದ ಹಾಗೆ. ಮೊನ್ನೆ ಅವಳು ಕಪಾಟಿನಿಂದ ಜಾಕೆಟ್ಟು ತೆಗೆದು ಹತ್ತನೇ ಜೇಬು ಹೊಲಿದಳು, ಅದು ಅವಳ ಮಾತ್ರೆಗಂತೆ. ಚೆನ್ನಾಗಿದೆ. ಹಾಕಿಕೊಂಡು ನೋಡಿದೆ, ನನಗೂ ಸರಿಯಾಗಿ ಹಿಡಿಯಿತು. ಅವಳಿಗೆ ಹೇಳಬೇಡ.

ಸುಳ್ಳು ಹೇಳಿದ್ದಕ್ಕೆ ನಿನ್ನಲ್ಲೂ ಕ್ಷಮೆ ಕೇಳುತ್ತೇನೆ. ಒಂದು ತಿಂಗಳು ನಿನ್ನ ಆಸೆಗೂ ಕಲ್ಲು ಹಾಕಿದೆ. ಬೈಯುವುದಿದ್ದರೆ ಬೈದು ಕಾಗದ ಬರೆ, ಆದರೆ ಬೈಗುಳ ಕೆಳಗಿನ ಹಾಳೆಯಲ್ಲಿರಲಿ. ಅಮ್ಮ ನಿನ್ನ ಕಾಗದದ ಮೊದಲ ಹಾಳೆಯನ್ನು ಔಷಧದಂಗಡಿಯವರ ಹೆಂಡತಿಗೆ ಓದಿ ಹೇಳುತ್ತಾಳೆ.

ಅಮ್ಮ ನಿನಗೆ ಮುತ್ತು ಕೊಟ್ಟಿದ್ದಾಳೆ, ಎರಡು. ನಾನು ಒಂದನ್ನೇ ದಾಟಿಸುತ್ತಿದ್ದೇನೆ. ನಿನ್ನ ಹಗ್ಗಗಳು ಗಟ್ಟಿಯಾಗಿರಲಿ, ನಿನ್ನ ಮಣಿಕಟ್ಟು ವಾಸಿಯಾಗಲಿ, ಅಕ್ಟೋಬರಿನ ಆ ಐದು ದಿನ ಮೋಡ ದೂರವಿರಲಿ. ನಿನಗೆ ಒಳ್ಳೆಯದಾಗಲಿ ಎಂದು ಹರಸುವ, ಹರಸುತ್ತಲೇ ಹಲ್ಲು ಕಡಿಯುವ

ನಿನ್ನ ಅಕ್ಕ

ವಿ. ಸೂ.: ಬೇಗ ಬರೆಯುತ್ತಿದ್ದೇನೆ, ಅಮ್ಮ ಚಪ್ಪಲಿ ಮೆಟ್ಟಿಕೊಂಡು ‘ಕೊಡು, ನಾನೇ ಡಬ್ಬಿಗೆ ಹಾಕಿ ಬರ್ತೀನಿ’ ಎಂದು ನಿಂತಿದ್ದಾಳೆ. ಉದ್ಯಾನದ ಎರಡನೇ ಗೇಟಿನ ಹತ್ತಿರ ಎಡಕ್ಕೆ ಒಂದು ಕವಲು ಇದೆಯಂತೆ, ಆರು ಕಿಲೋಮೀಟರ್ ಆಚೆ ಒಂದು ಕೆರೆ. ಉದ್ಯಾನದ ಕಚೇರಿಯ ಗುಮಾಸ್ತರು ಫೋನಿನಲ್ಲಿ ಹೇಳಿದರು, ಬೆಳಿಗ್ಗೆ ಹತ್ತರ ತನಕ ನೀರು ಅಲುಗಾಡುವುದೇ ಇಲ್ಲವಂತೆ, ಬೆಟ್ಟ ತಲೆಕೆಳಗಾಗಿ ಪೂರ್ತಿ ಕಾಣುತ್ತದಂತೆ. ಹಾಳೆಯಲ್ಲಿ ನಾನು ಅದನ್ನು ಬರೆದಿಲ್ಲ, ಅಮ್ಮನಿಗೂ ಹೇಳಿಲ್ಲ. ಮರೆತಿಲ್ಲ. ದಾರಿ ಚೆನ್ನಾಗಿದೆ, ಆ ಕಡೆ ವ್ಯಾನೂ ಬಿಡುತ್ತಾರೆ, ಏರೂ ಇಲ್ಲ, ನೀವು ಹೋಗಬಹುದು. ಹೋಗಬೇಡಿ. ಬೋರ್ಡು ಕಂಡರೆ ಅಮ್ಮನನ್ನು ಮಾತಿಗೆಳೆದು ಬಲಗಡೆ ನೋಡುವಂತೆ ಮಾಡು. ಉಳಿದದ್ದೆಲ್ಲ ನೀನೇ ತೋರಿಸು, ಅದೊಂದನ್ನು ನನಗೆ ಬಿಟ್ಟಿರು ಚಿನ್ನ. ಮುಂದಿನ ವರ್ಷ ಅವಳಿಗೆ ಎಪ್ಪತ್ತೆರಡು. ಶಾಲಿನ ಮಾತೆತ್ತದೆ ಕರೆದುಕೊಂಡು ಹೋಗುತ್ತೇನೆ.