ಮೂರು ತಿಂಗಳ ನಗೆ

ದುರ್ಗದ ಮೇಲ್ಪೇಟೆ
ಬೋಳುವರ್ಷದ ನಂತರ ೨೮೪, ಹದಿಮೂರನೆಯ ತಿಂಗಳು, ಮೂವತ್ತಮೂರನೆಯ ದಿನ

ಇಂಚರಮ್ಮನವರಿಗೆ ಸೌಗಂಧಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಪಂಚಾಂಗವೇ ಹಾಗಿದೆ. ನನ್ನ ಕನ್ನಡ ನಿಮಗೆ ಎಲ್ಲೋ ತೊದಲಿದಂತೆ ಕಂಡರೆ ಅದನ್ನೂ ಮನ್ನಿಸಬೇಕು. ಹಳೆಯ ಪುಸ್ತಕಗಳನ್ನು ಮುಂದಿಟ್ಟುಕೊಂಡು, ನಿಮ್ಮ ಕಾಲದ ಮಾತನ್ನು ಹುಡುಕಿ ಹುಡುಕಿ ಬರೆಯುತ್ತಿದ್ದೇನೆ. ನಾನು ನಿಮ್ಮ ಹನ್ನೊಂದನೆಯ ತಲೆಮಾರಿನವಳು. ವಾವೆಯಲ್ಲಿ ನೀವು ನನ್ನ ಅಜ್ಜಿಯ ಅಜ್ಜಿಗೂ ಹಿರಿಯಜ್ಜಿ. ಆದರೆ ಈ ಕಾಗದ ಮುಟ್ಟುವ ಹೊತ್ತಿಗೆ ನಿಮಗೆ ಇಪ್ಪತ್ತೇಳು, ನನಗೆ ಅರವತ್ತಾರು. ಮಗಳೇ ಎಂದು ಕರೆಯಲು ಬಾಯಿ ಬರುತ್ತದೆ, ತಡೆದುಕೊಳ್ಳುತ್ತೇನೆ.

ಇದು ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಸತ್ತವರು ಬದುಕಿದ್ದ ದಿನಕ್ಕೆ ಕಾಗದ ಕಳಿಸುವ ಏರ್ಪಾಡು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಮುಟ್ಟುತ್ತದೆಯೇ ಎಂದು ಕೇಳಿದರೆ ಅಂಚೆಯವನು ಭುಜ ಕುಣಿಸುತ್ತಾನೆ, ಏಕೆಂದರೆ ಈವರೆಗೆ ಯಾರಿಗೂ ಉತ್ತರ ಬಂದಿಲ್ಲ. ನಿಮ್ಮ ಮದುವೆಯಾಗಿ ಹದಿನೈದನೆಯ ದಿನ ಮುಟ್ಟಲಿ ಎಂದು ಬರೆಸಿದ್ದೇನೆ. ಏಕೆ ಆ ದಿನ ಎಂಬುದನ್ನು ಮುಂದೆ ಹೇಳುತ್ತೇನೆ.

ಬೋಳುವರ್ಷದ ಮಾತು ಮೊದಲು ಹೇಳಿಬಿಡಬೇಕು. ಆ ವರ್ಷ ಯಂತ್ರಗಳ ಹೊಟ್ಟೆಯಲ್ಲಿದ್ದ ಚಿತ್ರಗಳೆಲ್ಲ ಒಂದೇ ವಾರದಲ್ಲಿ ಅಳಿಸಿಹೋದವು. ಕೋಟಿಗಟ್ಟಲೆ ಮುಖಗಳು ಹೋದವು. ಉಳಿದದ್ದು ಕಾಗದಕ್ಕೆ ಇಳಿಸಿ, ಕಟ್ಟು ಹಾಕಿಸಿ, ಗೋಡೆಗೆ ತೂಗಿದ್ದು ಮಾತ್ರ. ಯಾರ ಮನೆಯಲ್ಲಿ ಯಾವ ಪಟ ಉಳಿಯಿತೋ ಅದೇ ಅವರ ಮೂಲಚಿತ್ರವಾಯಿತು, ಆ ಪಟದವರ ಸಂತಾನವೆಲ್ಲ ಒಂದು ಬಳ್ಳಿಯಾಯಿತು. ನಮ್ಮದು ಇಂಚರದ ಬಳ್ಳಿ. ಇವತ್ತಿಗೆ ನಾಲ್ಕು ಸಾವಿರ ಜನರಿದ್ದೇವೆ. ನಮ್ಮ ಮೂಲಚಿತ್ರ ನಿಮ್ಮ ಮದುವೆಯ ಪಟ: ಬಾಸಿಂಗ, ಹಸಿರು ಸೀರೆ, ಸಣ್ಣಗೆ ಇಳಿದ ದವಡೆ, ಎಡಗಡೆಗೆ ಮಾತ್ರ ಏಳುವ ನಗೆ.

ಆ ನಗೆ ಹುಟ್ಟಿನಿಂದಲೇ ನಿಮ್ಮದೆಂದು ಹಿರಿಯರು ನಂಬಿದರು. ಮಕ್ಕಳಿಗೆ ಅದು ತಾನಾಗಿ ಬಾರದಿದ್ದಾಗ ಸೂಜಿಯಿಂದ ತಂದರು. ನಿಮ್ಮಲ್ಲಿ ಕಿವಿ ಚುಚ್ಚುವ ಶಾಸ್ತ್ರವಿತ್ತಂತಲ್ಲ, ಹಾಗೆ ನಮ್ಮಲ್ಲಿ ಹನ್ನೆರಡು ತುಂಬಿದವರಿಗೆ ನಗೆಶಾಸ್ತ್ರ. ಆರತಿ ಎತ್ತಿ, ತೊಡೆಯ ಮೇಲೆ ಕೂರಿಸಿಕೊಂಡು, ಸ್ನಾಯು ಸಡಿಲಿಸುವ ಮದ್ದನ್ನು ಎರಡೂ ದವಡೆಗೆ ಕೊಡುತ್ತಾರೆ. ಬಲಗಡೆ ತುಟಿ ಏಳದಿರಲೆಂದು ಅಲ್ಲಿ ಬೇಕೆಂದೇ ಒಂದು ಬೆರಳು ಮುಂದಕ್ಕೆ ಚುಚ್ಚುತ್ತಾರೆ. ಆಮೇಲೆ ನಾಲ್ಕು ತಿಂಗಳಿಗೊಮ್ಮೆ, ಸಾಯುವತನಕ. ಊಟಕ್ಕೆ ಮುದ್ದೆ ಇದೆ. ಅದನ್ನು ಅಗಿಯುವ ಗೊಡವೆಯಿಲ್ಲ, ನುಂಗಿದರಾಯಿತು. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಎನ್ನುತ್ತಾರೆ. ನಮ್ಮವರಿಗೆ ಬೆಟ್ಟ ಹಾಗಿರಲಿ, ನಿಪ್ಪಟ್ಟು ಮುರಿಯಲೂ ಆಗದು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ಬೇರೆ ಬಳ್ಳಿಯವರು ನಮ್ಮೆದುರು ಹೇಳಿ, ಇವರಿಗೆ ಎರಡೂ ಇದ್ದು ಈ ಗತಿ ಎಂದು ನಗುತ್ತಾರೆ. ಅವರು ಎರಡು ಕೆನ್ನೆಯಲ್ಲೂ ನಗುವವರು. ಅವರನ್ನು ಕಂಡರೆ ನಮಗೆ ಸ್ವಲ್ಪ ಅಸಡ್ಡೆ. ನನಗೂ ಇತ್ತು, ಸುಳ್ಳೇಕೆ ಹೇಳಲಿ.

ಕಳೆದ ಯುಗಾದಿಗೆ ಮೂಲಚಿತ್ರದ ಧೂಳು ಹೊಡೆಯುವ ಸರದಿ ನನ್ನದಾಗಿತ್ತು. ಪಟದ ಹಿಂದಿನ ಹಲಗೆ ಸಡಿಲವಾಗಿತ್ತು, ಮೊಳೆ ಬಡಿಯೋಣವೆಂದು ಬಿಚ್ಚಿದೆ. ಒಳಗೆ ಮಡಿಸಿಟ್ಟ ಒಂದು ಹಾಳೆಯಿತ್ತು. ಒಂದು ಬದಿಯಲ್ಲಿ ದವಡೆಗೆ ಸೂಜಿ ಚುಚ್ಚಿಸಿಕೊಂಡವರಿಗೆ ಯಾವುದೋ ಚಿಕಿತ್ಸಾಲಯ ಕೊಟ್ಟ ಸೂಚನೆಗಳು, ಇನ್ನೊಂದು ಬದಿಯಲ್ಲಿ ನಿಮ್ಮ ಅಕ್ಷರ. ನಿಮ್ಮ ಅಕ್ಕನಿಗೆ ಬರೆದದ್ದು. ಎಷ್ಟು ಸಲ ಓದಿದ್ದೇನೆಂದರೆ ಕಣ್ಣು ಮುಚ್ಚಿ ಹೇಳಬಲ್ಲೆ.

"ಅಕ್ಕ, ಈ ಫೋಟೋ ಗೋಡೆಗೆ ಹಾಕ್ಬೇಡ ಕಣೇ. ಬಲಗಡೆ ತುಟಿ ಏಳ್ತಾನೇ ಇಲ್ಲ. ಮದ್ದು ಪಕ್ಕಕ್ಕೆ ಹರಡಿದೆಯಂತೆ, ಎರಡು ಮೂರು ತಿಂಗಳಲ್ಲಿ ತಾನಾಗೇ ಸರಿಹೋಗುತ್ತೆ ಅಂದ್ರು ಡಾಕ್ಟ್ರು. ಆಷಾಢ ಬಂದ್ಬಿಡುತ್ತೆ ಅಂತ ಮದುವೆ ಮುಂದಕ್ಕೆ ಹಾಕೋಕೂ ಬಿಡ್ಲಿಲ್ಲ. ಆದ್ರೆ ಒಂದ್ ಹೇಳ್ತೀನಿ, ನಿದ್ದೇಲಿ ಹಲ್ಲು ಕಡಿಯೋದು ನಿಂತಿದೆ. ತಲೆನೋವಿಲ್ದೆ ಏಳೋದು ಹೇಗಿರುತ್ತೆ ಅಂತಾನೇ ಮರೆತೋಗಿತ್ತು ನಂಗೆ."

ಕೆಳಗೆ ಬೇರೆ ಶಾಯಿಯಲ್ಲಿ ಅಕ್ಕನ ಒಂದು ಸಾಲು: "ನಂಗೆ ನೀನು ಹೇಗಿದ್ರೂ ಚೆಂದ." ಅಷ್ಟು ಬರೆದು, ಹಾಳೆಯನ್ನು ಹಿಂದಿಟ್ಟು, ಪಟವನ್ನು ಗೋಡೆಗೆ ಹಾಕಿಯೇಬಿಟ್ಟಿದ್ದಾರೆ ಆ ಪುಣ್ಯಾತ್ಗಿತ್ತಿ. ಆ ಪ್ರೀತಿಯನ್ನು ಬೈಯುವುದು ಹೇಗೆ, ಹೇಳಿ.

ಹಾಳೆಯನ್ನು ನಮ್ಮ ಬಳ್ಳಿಯ ಹಿರಿಯರಾದ ವಿಶ್ವಂಭರಪ್ಪನವರ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. ಆಮೇಲೆ ಮಡಿಸಿ ವಾಪಸು ಕೊಟ್ಟು, "ನಾಲ್ಕು ಸಾವಿರ ಮುಖಕ್ಕೆ ನಾನು ಏನಂತ ಹೇಳ್ಲಿ, ತಾಯಿ?" ಎಂದರು. ಮಗನಿಗೆ ಹೇಳಿದೆ, ಅವನು ವಯಸ್ಸಾಯಿತು ನಿನಗೆ ಎಂದ. ಸೊಸೆ ಮಾತ್ರ ಅತ್ತಳು, ಅತ್ತು ಆರತಿ ತಟ್ಟೆ ತೊಳೆಯಲು ಹೋದಳು.

ಐವತ್ನಾಲ್ಕು ವರ್ಷ ಚುಚ್ಚಿಸಿಕೊಂಡವಳು ನಾನು ಆವತ್ತಿನಿಂದ ಬಿಟ್ಟೆ. ನಿಮಗಾದರೆ ಮೂರು ತಿಂಗಳು. ನನಗೆ ಹನ್ನೆರಡು ತಿಂಗಳಾಯಿತು, ದಿನಾ ಕನ್ನಡಿಯೆದುರು ನಿಂತು ಯತ್ನಿಸುತ್ತೇನೆ, ಬಲಗಡೆ ಅಲುಗುವುದಿಲ್ಲ. ದವಡೆಯ ಸ್ನಾಯು ಕರಗಿದೆ, ಮೂಳೆಯೂ ಸವೆದಿದೆ ಎನ್ನುತ್ತಾರೆ ವೈದ್ಯರು. ನನ್ನ ಸ್ವಂತ ನಗೆ ಹೇಗಿತ್ತೆಂದು ತಿಳಿದವರು ಯಾರೂ ಉಳಿದಿಲ್ಲ. ನನ್ನದು ಹೋಗಲಿ ಬಿಡಿ.

ನನ್ನ ಮೊಮ್ಮಗಳು ತಾವರೆಗೆ ಹನ್ನೆರಡು ತುಂಬಿತು. ಅವಳು ನಕ್ಕರೆ ಎರಡೂ ಕೆನ್ನೆ ಏರಿ ಕಣ್ಣೇ ಮುಚ್ಚಿಹೋಗುತ್ತದೆ. ನಿಮ್ಮ ಹಾಳೆಯನ್ನು ಅವಳಿಗೂ ಓದಿಸಿದೆ. ಗಮನವಿಟ್ಟು ಓದಿ, ನನ್ನ ಕೈ ಹಿಡಿದುಕೊಂಡು ಕೇಳಿದಳು: "ಅಜ್ಜಿ, ನಾನೊಬ್ಬಳೇ ಹೀಗೆ ನಕ್ರೆ ನನ್ನ ನಮ್ಮೋಳು ಅಂತಾರಾ ಯಾರಾದ್ರೂ?" ಅನ್ನುವುದಿಲ್ಲ. ಅದು ನನಗೂ ಗೊತ್ತು, ಅವಳಿಗೂ ಗೊತ್ತು.

ಚುಚ್ಚಿಸಿಕೊಳ್ಳುವ ಮುನ್ನವೇ ಕಾಗದ ಕಳಿಸಿ ನಿಮ್ಮನ್ನು ತಡೆಯಬಹುದಿತ್ತು. ಅಂಚೆಯವನೂ ಹಾಗೇ ಹೇಳಿದ. ನನಗೆ ಮನಸ್ಸಾಗಲಿಲ್ಲ, ಅದಕ್ಕೇ ಮದುವೆ ಕಳೆದು, ತುಟಿ ಇನ್ನೂ ಸರಿಹೋಗದ ಹದಿನೈದನೆಯ ದಿನವನ್ನು ಆರಿಸಿದೆ. ನೀವು ತಪ್ಪೇನೂ ಮಾಡಲಿಲ್ಲ. ನೋವಿತ್ತು, ಮುಖ ಸಣ್ಣಗೆ ಕಾಣಬೇಕೆಂಬ ಆಸೆಯೂ ಇದ್ದಿರಬಹುದು, ಮದುವೆ ಹೆಣ್ಣಿಗೆ ಅಷ್ಟೂ ಇರಬಾರದೇ? ಆ ತಲೆನೋವನ್ನು ನಿಮಗೆ ಮರಳಿ ಕೊಡುವ ಹಕ್ಕು ನನಗಿಲ್ಲ. ಸೂಜಿ ನಿಮಗೆ ಮಾಡಿದ್ದು ಮೂರು ತಿಂಗಳ ತೊಂದರೆ. ಉಳಿದದ್ದೆಲ್ಲ ನಾವು ಮಾಡಿಕೊಂಡದ್ದು.

ಕೇಳುವುದು ಒಂದೇ. ತುಟಿ ಸರಿಹೋದ ಮೇಲೆ ಇನ್ನೊಂದು ಫೋಟೋ ತೆಗೆಸಿಕೊಳ್ಳಿ. ಚೆನ್ನಾಗಿ ಕಾಣಬೇಕೆಂದಿಲ್ಲ, ಅಡುಗೆಮನೆಯಲ್ಲಿ ನಿಂತದ್ದಾದರೂ ಸರಿ, ನಕ್ಕಿದ್ದರೆ ಸಾಕು. ಯಂತ್ರದಲ್ಲಿ ಬಿಡಬೇಡಿ, ಕಾಗದಕ್ಕೆ ಇಳಿಸಿ. ಅಕ್ಕನ ಮನೆಗೆ ಹೋದಾಗ ಆ ಪಟದ ಹಿಂದೆ, ಹಾಳೆಯ ಪಕ್ಕದಲ್ಲಿ ಇಟ್ಟುಬನ್ನಿ. ಅದನ್ನು ಕಂಡರೆ ತಾವರೆ ಯಾರವಳೆಂದು ಯಾರೂ ಕೇಳಲಾರರು.

ಇವತ್ತು ಬೆಳಿಗ್ಗೆ ಪಟದ ಹಿಂಬದಿ ಬಿಚ್ಚಿ ನೋಡಿದೆ, ಹಾಳೆಯೊಂದೇ ಇತ್ತು. ಕಾಗದ ಇನ್ನೂ ಹಾಕಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಹಾಕಿ ಬಂದು ಮತ್ತೆ ನೋಡುತ್ತೇನೆ. ತಾವರೆಯ ನಗೆಶಾಸ್ತ್ರ ನಾಳೆ ಒಂಬತ್ತು ಗಂಟೆಗೆ. ಅಲ್ಲಿಯವರೆಗೆ ಹಿಂದಿನ ಮೊಳೆಗಳನ್ನು ಬಡಿಯದೆ ಹಾಗೇ ಬಿಟ್ಟಿರುತ್ತೇನೆ.

ನಿಮ್ಮ ಬಳ್ಳಿಯ
ಸೌಗಂಧಿ